ಥೇಮ್ಸ್ ನದಿಯ ಪಾಲಾಗಬೇಕಿದ್ದ ಹಸ್ತಪ್ರತಿ

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಕಾದಂಬರಿ ಬರೆದು ಮೂವರು ಪ್ರಕಾಶಕರಿಗೆ ಕಳುಹಿಸಿದ್ದಳು. ಇಬ್ಬರು ಹಿಂದಿರುಗಿಸಿದ್ದಾರೆ, ಮೂರನೆಯವರಿಂದ ಉತ್ತರವೇ ಇಲ್ಲ. ಬರೆಯುವುದನ್ನೇ ನಿಲ್ಲಿಸಿಬಿಡಲೇ ಎಂದು ಕೇಳಿದ್ದಾಳೆ. ಅವಳ ನೆಪದಲ್ಲಿ ಆರ್. ಕೆ. ನಾರಾಯಣರ ಮೊದಲ ದಿನಗಳನ್ನು ಕುರಿತು ಬರೆಯುತ್ತಿದ್ದೇನೆ.

1930ರ ಸೆಪ್ಟೆಂಬರಿನಲ್ಲಿ, ಅಜ್ಜಿ ಗೊತ್ತುಮಾಡಿದ ಶುಭದಿನದಂದು, ಬೆಂಗಳೂರಿನಲ್ಲಿ ಒಂದು ನೋಟುಪುಸ್ತಕ ಕೊಂಡು ನಾರಾಯಣರು ಕಾದಂಬರಿಯನ್ನು ಆರಂಭಿಸಿದರು. 'ಮಾಲ್ಗುಡಿ' ಎಂಬ ಊರು ಹುಟ್ಟಿದ್ದು ಆಗ. ಅವರ ತಂದೆ ಮೈಸೂರಿನಲ್ಲಿ ಮುಖ್ಯೋಪಾಧ್ಯಾಯರು. ಮಗನಿಗೂ ಚನ್ನಪಟ್ಟಣದಲ್ಲಿ ಉಪಾಧ್ಯಾಯ ವೃತ್ತಿ ದೊರಕಿತ್ತು. ಕೆಲವೇ ದಿನಗಳಲ್ಲಿ ಬಿಟ್ಟು ಬಂದರು. (ಇಡೀ ಆಯುಷ್ಯವನ್ನು ಸೀಮೆಸುಣ್ಣದ ಧೂಳಿನಲ್ಲಿ ಕಳೆದ ನನಗೆ ಇದನ್ನು ಬರೆಯುವಾಗ ಸಣ್ಣ ನಗು ಬರುತ್ತದೆ.) ಲೇಖನಿಯನ್ನೇ ನಂಬಿದವರ ಮೊದಲ ವರ್ಷದ ಸಂಪಾದನೆ 9 ರೂಪಾಯಿ 12 ಆಣೆ! ಅದೂ ಒಂದು ಪುಸ್ತಕ ವಿಮರ್ಶೆಗೆ ಬಂದದ್ದು. ಎರಡನೆಯ ವರ್ಷ ಒಂದು ಕತೆಗೆ 18 ರೂಪಾಯಿ, ಮೂರನೆಯ ವರ್ಷ ಮಕ್ಕಳ ಕತೆಯೊಂದಕ್ಕೆ 30.

'ಸ್ವಾಮಿ ಅಂಡ್ ಫ್ರೆಂಡ್ಸ್' ಹಸ್ತಪ್ರತಿ ಹಡಗಿನಲ್ಲಿ ಲಂಡನ್ನಿಗೆ ಹೋಗುವುದು, ಒಬ್ಬ ಪ್ರಕಾಶಕರಿಂದ ಮತ್ತೊಬ್ಬರಿಗೆ ಅಲೆಯುವುದು, ನಿರಾಕರಣೆಯ ಪತ್ರ ವಾರಗಟ್ಟಲೆ ಪಯಣಿಸಿ ಮೈಸೂರಿಗೆ ಬರುವುದು. ಬೇಸತ್ತ ನಾರಾಯಣರು ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದ ಗೆಳೆಯ ಪೂರ್ಣ ಅವರಿಗೆ, ಹಸ್ತಪ್ರತಿಗೆ ಕಲ್ಲು ಕಟ್ಟಿ ಥೇಮ್ಸ್ ನದಿಯಲ್ಲಿ ಮುಳುಗಿಸಿಬಿಡು ಎಂದು ಬರೆದರು. ಗೆಳೆಯ ಆ ಮಾತನ್ನು ಕೇಳಲಿಲ್ಲ. ಆಕ್ಸ್‌ಫರ್ಡಿನಲ್ಲೇ ನೆಲೆಸಿದ್ದ ಗ್ರಹಾಂ ಗ್ರೀನ್ ಅವರ ಕೈಗೆ ಅದನ್ನಿತ್ತರು. ಗ್ರೀನ್ ಆಗಿನ್ನೂ ಮೂವತ್ತರ ಆಸುಪಾಸಿನ ಲೇಖಕ. ಮೈಸೂರಿನ ಈ ಯುವಕನ ಮುಖವನ್ನೂ ಕಂಡವರಲ್ಲ. ಆದರೂ ಓದಿ, ಮೆಚ್ಚಿ, ಹ್ಯಾಮಿಶ್ ಹ್ಯಾಮಿಲ್ಟನ್ ಸಂಸ್ಥೆಗೆ ಶಿಫಾರಸು ಮಾಡಿದರು. 1935ರಲ್ಲಿ ಪುಸ್ತಕ ಹೊರಬಂದಿತು. ನಾರಾಯಣಸ್ವಾಮಿ ಎಂಬ ಹೆಸರು ನಾರಾಯಣ್ ಎಂದು ಮೊಟಕುಗೊಂಡದ್ದೂ ಗ್ರೀನ್ ಅವರ ಸಲಹೆಯಿಂದಲೇ.

ಅಲ್ಲಿಗೆ ಕಷ್ಟ ಕಳೆಯಿತೆಂದು ಭಾವಿಸುವಂತಿಲ್ಲ. ವಿಮರ್ಶಕರು ಮೆಚ್ಚಿದರೂ ಪುಸ್ತಕ ಮಾರಾಟವಾಗಲಿಲ್ಲ; ಪ್ರಕಾಶಕರು ಎರಡನೆಯದನ್ನು ಒಲ್ಲೆನೆಂದರು. 'ದಿ ಬ್ಯಾಚುಲರ್ ಆಫ್ ಆರ್ಟ್ಸ್' 1937ರಲ್ಲಿ ನೆಲ್ಸನ್ ಸಂಸ್ಥೆಯಿಂದಲೂ, 'ದಿ ಡಾರ್ಕ್ ರೂಮ್' 1938ರಲ್ಲಿ ಮ್ಯಾಕ್ಮಿಲನ್ನಿಂದಲೂ ಬಂದವು. ಮೂರು ಕಾದಂಬರಿ, ಮೂವರು ಪ್ರಕಾಶಕರು! ಪ್ರತಿ ಸಲವೂ ಹೊಸ ಬಾಗಿಲನ್ನು ತಟ್ಟಬೇಕಾಯಿತು. ಮೊದಲ ಪುಸ್ತಕ ಅಚ್ಚಾದರೆ ಸಾಕು, ಮುಂದಿನದು ತಾನಾಗಿಯೇ ನಡೆಯುತ್ತದೆಂದು ನಂಬಿರುವ ತರುಣರು ಈ ಭಾಗವನ್ನು ಎರಡು ಸಲ ಓದಬೇಕೆಂಬುದು ನನ್ನ ಅಭಿಪ್ರಾಯ.

1939ರಲ್ಲಿ ಪತ್ನಿ ರಾಜಂ ತೀರಿಕೊಂಡರು. ಯುದ್ಧದಿಂದಾಗಿ ಇಂಗ್ಲೆಂಡಿನ ಸಂಪರ್ಕವೂ ಕಡಿದಂತಾಯಿತು. ಆಗ ನಾರಾಯಣರು ಮೈಸೂರಿನಲ್ಲೇ 'ಇಂಡಿಯನ್ ಥಾಟ್' ಎಂಬ ಸ್ವಂತ ಪ್ರಕಾಶನವನ್ನು ತೆರೆದು, 1943ರಲ್ಲಿ 'ಮಾಲ್ಗುಡಿ ಡೇಸ್' ಕಥಾಸಂಕಲನವನ್ನು ತಾವೇ ಹೊರತಂದರು. ಪತ್ನೀವಿಯೋಗದಿಂದ ಹುಟ್ಟಿದ 'ದಿ ಇಂಗ್ಲಿಷ್ ಟೀಚರ್' ಮಾತ್ರ 1945ರಲ್ಲಿ ಮತ್ತೆ ಲಂಡನ್ನಿನಿಂದಲೇ ಬಂದಿತು. ಈ ಸಲ ನಾಲ್ಕನೆಯ ಪ್ರಕಾಶಕರು, ಐರ್ ಅಂಡ್ ಸ್ಪಾಟಿಸ್‌ವುಡ್. ಗ್ರೀನ್ ಆಗ ಅಲ್ಲಿಯೇ ಅಧಿಕಾರಿಯಾಗಿದ್ದರು.

ಇಷ್ಟೆಲ್ಲ ನಡೆದದ್ದು ಕೇವಲ ಪತ್ರಗಳ ಮೂಲಕ. ಅವರಿಬ್ಬರೂ ಮೊದಲ ಬಾರಿ ಮುಖಾಮುಖಿಯಾದದ್ದು 1956ರಲ್ಲಿ, ನಾರಾಯಣರು ಅಮೆರಿಕಕ್ಕೆ ಹೋಗುವ ದಾರಿಯಲ್ಲಿ ಲಂಡನ್ನಿನಲ್ಲಿ ಇಳಿದಾಗ.