ಹೊನ್ನಾಳಿಯ ಕೆಳಗೊಂದು ಹಳೇ ಬೆಟ್ಟಸಾಲು

ಇತಿಹಾಸ ಅಂದಕೂಡಲೇ ನಮಗೆ ನೆನಪಾಗೋದು ರಾಜರು, ಶಾಸನ, ಕೋಟೆ. ಆದರೆ ನಮ್ಮ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯ ನಿಜವಾದ ಹಳೇ ಕಥೆ ಇರೋದು ಹೊಲದ ಬದುವಿನ ಕಲ್ಲಿನಲ್ಲಿ. ನಾನು ಓದಿದ್ದು ಇಂಜಿನಿಯರಿಂಗ್, ಬದುಕು ನಡೆಸೋದು ಸಾಫ್ಟ್‌ವೇರ್‌ನಿಂದ. ಆದರೂ ಕಾಮೆಂಟೇ ಇಲ್ಲದ ಹಳೇ ಕೋಡ್ ಓದುವ ಚಟ ಇರೋರಿಗೆ ಕಲ್ಲು ಓದೋದೂ ರುಚಿಸುತ್ತೆ ನೋಡಿ!

ಸರಿ, ವಿಷಯಕ್ಕೆ ಬರೋಣ. ಈ ಸೀಮೆಯ ತಳಪಾಯ ನೈಸ್ ಅನ್ನೋ ಪಟ್ಟೆಪಟ್ಟೆ ಕಲ್ಲು. ವಯಸ್ಸು ಸುಮಾರು 300ರಿಂದ 340 ಕೋಟಿ ವರ್ಷ. ಅದರೊಳಗಿನ ಜಿರ್ಕಾನ್ ಹರಳಿನಲ್ಲಿ ಯುರೇನಿಯಂ ನಿಧಾನಕ್ಕೆ ಸೀಸವಾಗುತ್ತೆ, ಎಷ್ಟು ಆಗಿದೆ ಅಂತ ಅಳೆದು ವಯಸ್ಸು ಲೆಕ್ಕ ಹಾಕ್ತಾರೆ. ಈ ತಳಪಾಯದ ಮೇಲೆ ಸುಮಾರು 290ರಿಂದ 260 ಕೋಟಿ ವರ್ಷಗಳ ಹಿಂದೆ ಲಾವಾ ಹರಿಯಿತು, ಮರಳು, ಕೆಸರು ಕೂತವು. ಚಿತ್ರದುರ್ಗದ ಹತ್ತಿರ ಮರಡಿಹಳ್ಳಿಯಲ್ಲಿ ದಿಂಬು ಪೇರಿಸಿಟ್ಟ ಹಾಗೆ ಕಾಣುವ ಲಾವಾ ಇದೆ. ನೀರಿನೊಳಗೆ ಉಕ್ಕಿದ ಲಾವಾ ಮಾತ್ರ ಹಾಗೆ ಗಟ್ಟಿಯಾಗೋದು. ಅಂದರೆ ಬರದ ನಾಡು ಒಂದು ಕಾಲಕ್ಕೆ ನೀರಿನಡಿ ಇತ್ತು!

ಈ ಪದರಗಳಿಗೆ 1880ರ ದಶಕದಲ್ಲಿ ಧಾರವಾಡದ ಹೆಸರಿಟ್ಟವನು ರಾಬರ್ಟ್ ಬ್ರೂಸ್ ಫೂಟ್. 1894ರಲ್ಲಿ ಶುರುವಾದ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಗೆ ಮೊದಲ ಮುಖ್ಯಸ್ಥನೂ ಅವನೇ.

ಆಮೇಲೆ ಇಡೀ ನೆಲವನ್ನು ಪೂರ್ವ ಪಶ್ಚಿಮದಿಂದ ಒತ್ತಿದ ಹಾಗಾಯ್ತು. ಚಾಪೆಯನ್ನು ಎರಡೂ ಕಡೆಯಿಂದ ತಳ್ಳಿದರೆ ಮಡಿಕೆ ಏಳುತ್ತಲ್ಲ, ಹಾಗೆ. ಅದಕ್ಕೇ ಇಲ್ಲಿನ ಪದರಗಳು ಮಲಗಿಲ್ಲ, ನೆಟ್ಟಗೆ ನಿಂತು ಉತ್ತರ ದಕ್ಷಿಣಕ್ಕೆ ಸಾಗುತ್ತವೆ. ಹೊನ್ನಾಳಿಯಲ್ಲಿ ತಳದ ನೈಸ್ ಗುಮ್ಮಟದ ಹಾಗೆ ಮೇಲೆ ಉಬ್ಬಿದೆ, ಸುತ್ತಲೂ ಶಿವಮೊಗ್ಗ ಪಟ್ಟಿಯ ಪದರಗಲ್ಲು. ಭಾರದ ಲಾವಾ ಕುಸಿದು ಹಗುರ ನೈಸ್ ಎದ್ದಿತೋ, ಭೂಫಲಕಗಳ ಡಿಕ್ಕಿಯೋ ಅನ್ನೋ ಜಗಳ ವಿಜ್ಞಾನಿಗಳಲ್ಲಿ ಇನ್ನೂ ಮುಗಿದಿಲ್ಲ. ಜಗಳೂರಿನ ಕಡೆ ಹೋದರೆ ಚಿತ್ರದುರ್ಗದ ಪಟ್ಟಿ. ಅದರ ಪೂರ್ವದ ಅಂಚಿನಲ್ಲಿ ಕಲ್ಲುಗಳು ಒಂದಕ್ಕೊಂದು ಉಜ್ಜಿಕೊಂಡು ಜಾರಿದ ಉದ್ದನೆಯ ಗೆರೆಯಿದೆ.

ಆ ಒತ್ತಡ, ಬಿಸಿಯಲ್ಲಿ ಬಿರುಕುಗಳೊಳಗೆ ಬಿಸಿನೀರು ಹರಿದು ಬೆಣಚುಕಲ್ಲನ್ನೂ ಚಿನ್ನವನ್ನೂ ಬಿಟ್ಟುಹೋಯ್ತು. ನ್ಯಾಮತಿ ಹತ್ತಿರದ ಕುದುರೆಕೊಂಡದ ಹಳೇ ಚಿನ್ನದ ಗುಂಡಿಗಳಿಗೆ ಮೂಲ ಇದೇ.

ಸುಮಾರು 250 ಕೋಟಿ ವರ್ಷದ ಹಿಂದೆ ಈ ಗಲಾಟೆ ತಣ್ಣಗಾಯ್ತು. ಹಿಮಾಲಯಕ್ಕೆ ಬರೀ 5 ಕೋಟಿ ವರ್ಷ. ಅಂದಿನ ಬೆಟ್ಟಗಳನ್ನು ಮಳೆಗಾಳಿ ಸವೆಸಿತು. ಈಗ ನಾವು ಮೆಕ್ಕೆಜೋಳ ಬಿತ್ತೋದು ಅವುಗಳ ಬೇರಿನ ಮೇಲೆ.

ಮಳೆಗಾಳಿಗೆ ಕೋಟ್ಯಂತರ ವರ್ಷ ಹಿಡಿದ ಕೆಲಸಕ್ಕೆ ಜಲ್ಲಿ ಕ್ರಷರ್‌ಗೆ ಒಂದು ವಾರ ಸಾಕು. ರಸ್ತೆಗೆ, ಮನೆಗೆ ಜಲ್ಲಿ ಬೇಕು, ನಿಜ. ಆದರೆ ಶಾಸನದ ಅಚ್ಚು ತೆಗೆದಿಡಬಹುದು, ಕೋಡ್‌ಗೆ ಬ್ಯಾಕಪ್ ಇಡಬಹುದು. ಗುಡ್ಡಕ್ಕೆ ಎಲ್ಲಿಯ ಬ್ಯಾಕಪ್ಪು? ಒಡೆಯುವ ಮೊದಲು ಯಾವ ಬಂಡೆ ಉಳಿಯಬೇಕು ಅಂತ ಊರಿನವರಾದರೂ ಕೇಳಬೇಡವೇ?

ನಿಮ್ಮೂರಿನ ಗುಡ್ಡ ಏನು ಹೇಳುತ್ತೆ? ಗೊತ್ತಿದ್ದರೆ ಬರೆಯಿರಿ...