‘ಇಲ್ಲ’ ಎಂಬುದಕ್ಕೂ ಒಂದು ಟೈಪ್

ಹುಡುಕಿದ್ದು ಸಿಗದಿದ್ದಾಗ ಫಂಕ್ಷನ್ ಏನು ಉತ್ತರ ಕೊಡಬೇಕು ಎಂಬ ಪ್ರಶ್ನೆ ಪ್ರೋಗ್ರಾಮಿಂಗ್ ಭಾಷೆಗಳಷ್ಟೇ ಹಳೆಯದು. ಬಳಕೆಗೆ ಬಾರದ ಒಂದು ಸಂಖ್ಯೆಯನ್ನು, -1 ಅನ್ನೋ 9999 ಅನ್ನೋ, ಅದಕ್ಕೆಂದು ಮೀಸಲಿಡುವುದು ಮೊದಲಿನಿಂದ ಬಂದ ರೂಢಿ. ಸಿ ಭಾಷೆಯ ಗೆಟ್‌ಚಾರ್ ಓದುವುದು ಒಂದು ಅಕ್ಷರವನ್ನು. ಆದರೂ ಅದರ ಉತ್ತರದ ಟೈಪ್ ಅಕ್ಷರವಲ್ಲ, ಪೂರ್ಣಾಂಕ. ಕಡತ ಮುಗಿಯಿತು ಎಂಬ ಸೂಚನೆ ಯಾವ ಅಕ್ಷರದೊಂದಿಗೂ ಬೆರೆಯಬಾರದೆಂಬುದೇ ಇದಕ್ಕೆ ಕಾರಣ. ಇದನ್ನು ಮರೆತು ಉತ್ತರವನ್ನು ಅಕ್ಷರವಾಗಿಯೇ ಇಟ್ಟುಕೊಂಡವರ ಪ್ರೋಗ್ರಾಂ ಕಡತದ ಕೊನೆಯನ್ನು ಗುರುತಿಸದೆ ಹೋಗಬಹುದು. 1958ರಲ್ಲಿ ಆರಂಭವಾದ ಲಿಸ್ಪ್‌ನಲ್ಲಿ ನಿಲ್ ಎಂಬ ಒಂದೇ ಗುರುತು ಖಾಲಿ ಪಟ್ಟಿಗೂ ಸಂದಿತು, ಸುಳ್ಳಿಗೂ ಸಂದಿತು, ‘ಸಿಗಲಿಲ್ಲ’ ಎಂಬುದಕ್ಕೂ ಸಂದಿತು.

1965ರಲ್ಲಿ ಟೋನಿ ಹೋರ್ ಅವರು ನಿಕ್ಲಾಸ್ ವಿರ್ತ್ ಜೊತೆಗೂಡಿ ಆಲ್ಗಾಲ್ ಡಬ್ಲ್ಯು ಭಾಷೆಯನ್ನು ರೂಪಿಸುತ್ತಿದ್ದರು. ಒಂದು ರೆಕಾರ್ಡಿನಿಂದ ಇನ್ನೊಂದನ್ನು ತೋರಿಸುವ ರೆಫರೆನ್ಸ್‌ಗಳ ಬಳಕೆ ಪೂರ್ತಿ ಸುರಕ್ಷಿತವಾಗಿರಬೇಕು, ಅದನ್ನು ಕಂಪೈಲರೇ ಪರೀಕ್ಷಿಸಬೇಕು ಎಂಬುದು ಹೋರ್ ಅವರ ಗುರಿಯಾಗಿತ್ತು. ಆದರೂ ಏನನ್ನೂ ತೋರಿಸದ ರೆಫರೆನ್ಸ್, ಅಂದರೆ ನಲ್, ಆ ಭಾಷೆಯೊಳಗೆ ಬಂತು. ಅಳವಡಿಸುವುದು ತೀರಾ ಸುಲಭವಾಗಿದ್ದರಿಂದ ಮೋಹಕ್ಕೆ ಬಿದ್ದೆ ಎಂದು 2009ರಲ್ಲಿ ಲಂಡನ್ನಿನ ಕ್ಯೂಕಾನ್ ಸಮ್ಮೇಳನದಲ್ಲಿ ಅವರೇ ಹೇಳಿಕೊಂಡರು. ಅದನ್ನು ನೂರು ಕೋಟಿ ಡಾಲರಿನ ತಪ್ಪು ಎಂದು ಕರೆದರು. ನಲ್ ಇರುವುದರಲ್ಲೇ ಕೇಡಿಲ್ಲ. ಪ್ರತಿಯೊಂದು ರೆಫರೆನ್ಸ್ ಟೈಪಿನೊಳಗೂ ಅದು ಹೇಳದೆ ಕೇಳದೆ ಸೇರಿಕೊಂಡದ್ದು ಕೇಡಿಗೆ ಮೂಲ. ‘ಗ್ರಾಹಕ’ ಎಂದು ಬರೆದ ಕಡೆಯಲ್ಲೆಲ್ಲ ‘ಗ್ರಾಹಕ, ಅಥವಾ ಏನೂ ಇಲ್ಲ’ ಎಂದೇ ಓದಿಕೊಳ್ಳಬೇಕು. ಎಲ್ಲಿ ಪರೀಕ್ಷಿಸಬೇಕು, ಎಲ್ಲಿ ಬೇಡ ಎಂಬುದು ಬರೆದವರ ನೆನಪಿಗೆ ಬಿಟ್ಟ ವಿಷಯವಾಯಿತು. ಸಿ, ಸಿ++, ಜಾವಾ ಮೂರಕ್ಕೂ ಈ ರೂಢಿ ಹರಿದು ಬಂತು.

ಬೇರೆ ದಾರಿ ತೆರೆದದ್ದು ಎಡಿನ್‌ಬರೋದಲ್ಲಿ. ಗಣಿತದ ಸಾಧನೆಗಳನ್ನು ಯಂತ್ರದಲ್ಲಿ ಪರಿಶೀಲಿಸುವ ಎಲ್‌ಸಿಎಫ್ ವ್ಯವಸ್ಥೆಗಾಗಿ ರಾಬಿನ್ ಮಿಲ್ನರ್ ಮತ್ತು ಸಂಗಡಿಗರು 1970ರ ದಶಕದಲ್ಲಿ ಎಂಎಲ್ ಭಾಷೆಯನ್ನು ಕಟ್ಟಿದರು. ಅದರಲ್ಲಿ ವಿಫಲವಾದ ಕೆಲಸವನ್ನು ನಡುವೆಯೇ ಕೈಬಿಟ್ಟು ಮೇಲಕ್ಕೆ ಸುದ್ದಿ ಮುಟ್ಟಿಸುವ ಏರ್ಪಾಡು ಇತ್ತು. ಆದರೆ ಯಾವ ಫಂಕ್ಷನ್ ವಿಫಲವಾಗಬಹುದು ಎಂಬುದು ಅದರ ಟೈಪಿನಲ್ಲಿ ಕಾಣುತ್ತಿರಲಿಲ್ಲ. 1980ರಲ್ಲಿ ಅದೇ ಊರಿನ ರಾಡ್ ಬರ್ಸ್ಟಾಲ್, ಡೇವಿಡ್ ಮ್ಯಾಕ್‌ಕ್ವೀನ್ ಮತ್ತು ಡಾನ್ ಸನೆಲ್ಲಾ ಹೋಪ್ ಭಾಷೆಯನ್ನು ಪ್ರಕಟಿಸಿದರು. ಒಂದು ಟೈಪಿನ ಮೌಲ್ಯ ಯಾವ ಯಾವ ರೂಪದಲ್ಲಿ ಇರಬಹುದು ಎಂಬುದನ್ನು ಪ್ರೋಗ್ರಾಮರೇ ಹೆಸರಿಟ್ಟು ಪಟ್ಟಿ ಮಾಡಬಹುದು, ಆಮೇಲೆ ಒಂದೊಂದು ರೂಪಕ್ಕೂ ಒಂದೊಂದು ಸಾಲು ಬರೆದು ಫಂಕ್ಷನ್ ಕಟ್ಟಬಹುದು ಎಂಬುದು ಅದರ ಕೊಡುಗೆ. ಸ್ಟ್ಯಾಂಡರ್ಡ್ ಎಂಎಲ್ ಇದನ್ನು ತನ್ನದಾಗಿಸಿಕೊಂಡಿತು.

ಇಷ್ಟು ಸಿಕ್ಕ ಮೇಲೆ, ‘ಇದೆ’ ಅಥವಾ ‘ಇಲ್ಲ’ ಎಂದು ಹೇಳುವ ಆಪ್ಷನ್ ಟೈಪಿಗೆ ಒಂದೇ ಸಾಲು ಸಾಕು. ಅದರ ರೂಪಗಳು ಎರಡು: ಏನನ್ನೂ ಹೊಂದಿಲ್ಲದ ನನ್, ಒಂದು ಮೌಲ್ಯವನ್ನು ಒಳಗಿಟ್ಟುಕೊಂಡ ಸಮ್. ‘ಆಪ್ಷನ್ ಪೂರ್ಣಾಂಕ’ ಎಂಬುದು ಪೂರ್ಣಾಂಕವಲ್ಲ. ಅದಕ್ಕೆ ಇನ್ನೊಂದು ಸಂಖ್ಯೆಯನ್ನು ಕೂಡಿಸಲು ಹೋದರೆ ಕಂಪೈಲರ್ ಒಪ್ಪುವುದಿಲ್ಲ. ಒಳಗಿರುವುದನ್ನು ತೆಗೆಯಬೇಕಾದರೆ ಎರಡೂ ರೂಪಗಳನ್ನು ಬಿಡಿಸಿ ನೋಡಬೇಕು, ಒಂದನ್ನು ಬಿಟ್ಟರೆ ಕಂಪೈಲರ್ ಎಚ್ಚರಿಸುತ್ತದೆ. ಈ ಟೈಪನ್ನು ಭಾಷೆಯ ತಿರುಳಿನಲ್ಲಿ ಹುದುಗಿಸುವ ಅಗತ್ಯವೇ ಇಲ್ಲದಿರುವುದು ದೊಡ್ಡ ಮಾತು. ಯಾವ ವಿದ್ಯಾರ್ಥಿಯಾದರೂ ಅದನ್ನು ತನ್ನ ಕಡತದಲ್ಲಿ ತಾನೇ ಬರೆದುಕೊಳ್ಳಬಹುದು. ಭಾಷೆ ರೂಪಿಸಿದವರು ವರವಾಗಿ ಕೊಡಬೇಕಿದ್ದ ಸುರಕ್ಷತೆ ಹೀಗೆ ಬಳಸುವವರ ಕೈಗೆ ಬಂತು.

ಬಿಡಿಸಿ ನೋಡುವ ಕೆಲಸ ಬೇಸರದ್ದು ಎಂಬ ಆಕ್ಷೇಪಕ್ಕೂ ಉತ್ತರ ದೊರೆಯಿತು. 1985ರಲ್ಲಿ ಫಿಲಿಪ್ ವಾಡ್ಲರ್ ಅವರು ವಿಫಲತೆಯನ್ನು ಖಾಲಿ ಪಟ್ಟಿಯಾಗಿ, ಯಶಸ್ಸನ್ನು ಉತ್ತರಗಳ ಪಟ್ಟಿಯಾಗಿ ತೋರಿಸುವ ವಿಧಾನವನ್ನು ವಿವರಿಸಿದರು. 1990ರಲ್ಲಿ ಆಕ್ಸ್‌ಫರ್ಡಿನ ಮೈಕ್ ಸ್ಪೈವಿ ಅವರು ಜಸ್ಟ್ ಮತ್ತು ನಥಿಂಗ್ ಎಂಬ ಎರಡು ರೂಪಗಳ ಮೇಬಿ ಟೈಪನ್ನು ಹಿಡಿದು, ವಿಫಲತೆಯನ್ನು ಬೀಜಗಣಿತದ ನಿಯಮಗಳಿಂದ ನಿಭಾಯಿಸುವ ಬಗೆಯನ್ನು ತೋರಿಸಿದರು. ಯೂಜೀನಿಯೊ ಮೊಗ್ಗಿ ಅವರ ಮೊನಾಡ್ ಸಿದ್ಧಾಂತವನ್ನು ವಾಡ್ಲರ್ ಪ್ರೋಗ್ರಾಮಿಂಗಿಗೆ ತಂದ ಮೇಲೆ, ವಿಫಲವಾಗಬಲ್ಲ ಹತ್ತು ಹೆಜ್ಜೆಗಳನ್ನು ಒಂದರ ಹಿಂದೊಂದು ಪೋಣಿಸಿ ಬರೆಯುವುದು ಸಾಧ್ಯವಾಯಿತು. ಯಾವುದೇ ಹೆಜ್ಜೆ ನಥಿಂಗ್ ಎಂದರೆ ಇಡೀ ಸಾಲೇ ನಥಿಂಗ್. ಹ್ಯಾಸ್ಕೆಲ್ ಭಾಷೆಯ 98ರ ಆವೃತ್ತಿಯ ಹೊತ್ತಿಗೆ ಮೇಬಿ ಅಲ್ಲಿನ ದಿನಬಳಕೆಯ ವಸ್ತು. ಪಟ್ಟಿಯಲ್ಲಿ ಹುಡುಕುವ ಲುಕಪ್ ಫಂಕ್ಷನ್ನಿನ ಉತ್ತರವೇ ಮೇಬಿ ಆಗಿತ್ತು. ವಿಚಿತ್ರವೆಂದರೆ ಖಾಲಿ ಪಟ್ಟಿ ಕೊಟ್ಟರೆ ಮುರಿದುಬೀಳುವ ಹೆಡ್ ಫಂಕ್ಷನ್ ಅದೇ ಲೈಬ್ರರಿಯಲ್ಲಿ ಉಳಿದುಕೊಂಡಿತು. ಓಕ್ಯಾಮಲ್ ಭಾಷೆಯಲ್ಲಂತೂ ಹುಡುಕುವ ಫಂಕ್ಷನ್‌ಗಳಿಗೆ ಆಪ್ಷನ್ ಕೊಡುವ ಜೋಡಿಗಳು ವ್ಯಾಪಕವಾಗಿ ಬಂದದ್ದು 2017ರ 4.05 ಆವೃತ್ತಿಯಲ್ಲಿ.

ಮುಖ್ಯವಾಹಿನಿಯ ಭಾಷೆಗಳು ಇದನ್ನು ತಡವಾಗಿ ಎತ್ತಿಕೊಂಡವು. ಸ್ಕಾಲಾ ಮತ್ತು ಎಫ್‌ಶಾರ್ಪ್ ಸೇತುವೆಯಾದವು. 2014ರಲ್ಲಿ ಜಾವಾ 8 ಆಪ್ಷನಲ್ ಅನ್ನು ತಂದಿತು, ಆದರೆ ಆ ಆಪ್ಷನಲ್ ಚರವೇ ನಲ್ ಆಗಿರುವುದನ್ನು ತಡೆಯಲಿಲ್ಲ. 2015ರ ರಸ್ಟ್ 1.0 ಇನ್ನೂ ಗಟ್ಟಿಯಾಗಿ ನಿಂತಿತು: ಅಲ್ಲಿ ರೆಫರೆನ್ಸಿನ ಆಪ್ಷನ್ ಬರಿಯ ರೆಫರೆನ್ಸಿನಷ್ಟೇ ಜಾಗ ಹಿಡಿಯುತ್ತದೆ. ಸೊನ್ನೆ ವಿಳಾಸವನ್ನು ನನ್ ಎಂದು ಎಣಿಸುವ ಕೆಲಸವನ್ನು ಕಂಪೈಲರ್ ತಾನೇ ಮಾಡುವುದರಿಂದ, ಸುರಕ್ಷತೆಗೆ ಮೆಮೊರಿಯ ಬೆಲೆ ತೆರಬೇಕಾಗಿಲ್ಲ.

ಆಪ್ಷನ್ ಹೇಳುವುದು ‘ಇಲ್ಲ’ ಎಂದಷ್ಟೇ. ಯಾಕೆ ಇಲ್ಲ ಎಂದು ಹೇಳದು. ಜಾವಾದ ಹ್ಯಾಶ್‌ಮ್ಯಾಪ್ ನಲ್ ಕೊಟ್ಟರೆ ಕೀಲಿಯೇ ಇಲ್ಲವೋ, ಕೀಲಿಯ ಎದುರು ನಲ್ ಇದೆಯೋ ತಿಳಿಯದು. ಆಪ್ಷನ್ನಿನೊಳಗೆ ಇನ್ನೊಂದು ಆಪ್ಷನ್ ಇಟ್ಟರೆ ಈ ಎರಡು ಬೇರೆಯಾಗಿ ಕಾಣುತ್ತವೆ, ಆದರೆ ಓದುವವರು ಗೊಂದಲಕ್ಕೆ ಬೀಳುತ್ತಾರೆ. ಇಲ್ಲಿ ಸ್ವಂತ ಟೈಪ್ ಬರೆಯುವುದೇ ಸರಿಯಾದ ದಾರಿ. ಅರ್ಜಿಯೊಂದರ ಫೋನ್ ಸಂಖ್ಯೆಗೆ ‘ಕೇಳಿಲ್ಲ’, ‘ಫೋನ್ ಇಲ್ಲ’, ‘ಕೊಡಲು ಒಪ್ಪಲಿಲ್ಲ’, ‘ಇದೆ, ಸಂಖ್ಯೆ ಇಷ್ಟು’ ಎಂಬ ನಾಲ್ಕು ರೂಪ ಕೊಟ್ಟರೆ, ಒಪ್ಪದವರನ್ನು ಮತ್ತೆ ಮತ್ತೆ ಕೇಳುವ ಪ್ರೋಗ್ರಾಂ ಬರೆಯುವುದು ಕಷ್ಟವಾಗುತ್ತದೆ. ಕಾರಣವನ್ನು ಜೊತೆಗೇ ಒಯ್ಯಬೇಕಾದಲ್ಲಿ ಹ್ಯಾಸ್ಕೆಲ್‌ನ ಈದರ್, ರಸ್ಟ್‌ನ ರಿಸಲ್ಟ್ ಬಳಕೆಗೆ ಬಂದವು. ಎಲ್ಮ್ ಭಾಷೆಯಲ್ಲಿ ಕ್ರಿಸ್ ಜೆಂಕಿನ್ಸ್ ಅವರು 2016ರಲ್ಲಿ ಪ್ರಚುರಪಡಿಸಿದ ರಿಮೋಟ್‌ಡೇಟಾ ಟೈಪ್ ಇದೇ ವಂಶದ್ದು. ಸರ್ವರಿನಿಂದ ಬರಬೇಕಾದ ಮಾಹಿತಿಯನ್ನು ಇನ್ನೂ ಕೇಳಿಲ್ಲ, ಬರುತ್ತಿದೆ, ವಿಫಲವಾಯಿತು, ಬಂತು ಎಂಬ ನಾಲ್ಕು ಸ್ಥಿತಿಗಳಿಗೂ ಅದರಲ್ಲಿ ಹೆಸರಿದೆ. ಹೀಗಾಗಿ ಇನ್ನೂ ಬಾರದ ಪಟ್ಟಿಯನ್ನು ಖಾಲಿ ಪಟ್ಟಿಯೆಂದು ಪರದೆಯ ಮೇಲೆ ತೋರಿಸುವ ಪುಟಗಳು ಎಲ್ಮ್‌ನಲ್ಲಿ ಬರೆಯುವ ಹಂತದಲ್ಲೇ ಸಿಕ್ಕಿಬೀಳತೊಡಗಿದವು.