ಜುಹೂವಿನ ಹಲಸು, ಬಾಂದ್ರಾದ ಮೋಚಿ

ಬಾಂದ್ರಾ ಪಶ್ಚಿಮದ ಒಂದು ಗಲ್ಲಿಯಲ್ಲಿ ಜಪಾನೀ ಐಸ್‌ಕ್ರೀಮಿನ ಪುಟ್ಟ ಅಂಗಡಿಯಿದೆ ಅಂತ ನನ್ನ ತಂಗಿಯ ಮಗಳು ಬಹಳ ದಿನದಿಂದ ಹೇಳುತ್ತಿದ್ದಳು. ಒಂದು ಭಾನುವಾರ ಬೋರಿವಲಿಯಿಂದ ಲೋಕಲ್ ಹಿಡಿದು ಹೋದೆವು. ನಾಲ್ಕು ಜನ ನಿಂತರೆ ಐದನೆಯವರು ರಸ್ತೆಗೆ ಇಳಿಯಬೇಕಾದಷ್ಟು ಜಾಗ. ಗಾಜಿನ ಪೆಟ್ಟಿಗೆಯೊಳಗೆ ಹಿಟ್ಟು ಮೆತ್ತಿಕೊಂಡ ನಿಂಬೆಗಾತ್ರದ ಉಂಡೆಗಳು.

"ಇದರ ಹೆಸರು ಮೋಚಿ, ಮಾಮ" ಅಂದಳು ಹುಡುಗಿ.

ಮುಂಬಯಿಯಲ್ಲಿ ಅರ್ಧ ಆಯುಷ್ಯ ಕಳೆದವನಿಗೆ ಮೋಚಿ ಅಂದರೆ ಸ್ಟೇಷನ್ನಿನ ಹೊರಗೆ ಚಪ್ಪಲಿ ರಿಪೇರಿಗೆ ಕೂತವನೇ ನೆನಪಾಗುವುದು. ಬಾಯಿಗಿಟ್ಟ ಮೇಲೆ ಮಾತ್ರ ನೆನಪಾದದ್ದು ಬೇರೆಯೇ. ಹೊರಗಡೆ ಅಕ್ಕಿಹಿಟ್ಟಿನ ಮೆತ್ತನೆಯ, ಅಂಟಂಟಾದ ಪದರ; ಒಳಗೆ ತಣ್ಣಗಿನ ಸಿಹಿ. ನಮ್ಮ ಚೌತಿಯ ಕಡುಬಿನ ಹೂರಣ ತೆಗೆದು ಐಸ್‌ಕ್ರೀಮ್ ತುಂಬಿದ ಹಾಗೆ!

"ಎಂಥ ಮಾಮ, ಎಲ್ಲದಕ್ಕೂ ನಿಮ್ಮದು ಕಡುಬೇ" ಅಂತ ಅವಳು ನಕ್ಕಳು. ಆದರೆ ಕಡುಬು ಮಾಡಿ ಗೊತ್ತಿದ್ದವರಿಗೆ ಒಂದು ಪ್ರಶ್ನೆ ಏಳದೆ ಇರುವುದಿಲ್ಲ. ಉಳಿದ ಕಡುಬನ್ನು ಫ್ರಿಜ್ಜಿನಲ್ಲಿಟ್ಟರೆ ಮರುದಿನ ಅದು ಕಲ್ಲು. ಬೆಂದ ಅಕ್ಕಿಯ ಪಿಷ್ಟ ತಣ್ಣಗಾದಂತೆ ಮತ್ತೆ ಬಿಗಿಯುತ್ತದೆ, ಅದರ ಗುಣವೇ ಅದು. ಹಾಗಾದರೆ ಐಸ್‌ಕ್ರೀಮಿನ ಚಳಿಯಲ್ಲಿ ಈ ಹಿಟ್ಟು ಮೆತ್ತಗೆ ಉಳಿಯುವುದು ಹೇಗೆ? ಉತ್ತರ ಅಕ್ಕಿಯ ಜಾತಿಯಲ್ಲಿ ಮತ್ತು ಸಕ್ಕರೆಯಲ್ಲಿದೆ. ಜಪಾನಿನವರದು ಅಂಟಕ್ಕಿ, ಅದಕ್ಕೆ ಸಕ್ಕರೆ ಧಾರಾಳವಾಗಿ ಸೇರಿದರೆ ನೀರು ಹಿಡಿದು ನಿಲ್ಲುತ್ತದೆ, ಹಿಟ್ಟು ಬಿಗಿಯುವುದಿಲ್ಲ. ಕೇಳುವುದಕ್ಕೆ ಸುಲಭ. ಇದನ್ನು ಸಾಧಿಸಿ ಮಾರುಕಟ್ಟೆಗೆ ತರಲು 1981ರ ತನಕ ಕಾಯಬೇಕಾಯಿತು.

ತಂದ ಕಂಪೆನಿಯ ಹೆಸರು ಲೊಟ್ಟೆ. ನಮ್ಮ ಊರ ಕಡೆ ಲೊಟ್ಟೆ ಅಂದರೆ ಸುಳ್ಳು. ಆದರೆ ಇದು ಗಯಟೆಯ ಕಾದಂಬರಿಯ ನಾಯಕಿ ಷಾರ್ಲೊಟ್ಟೆಯ ಹೆಸರಿನ ಬಾಲ. 'ಯುಕಿಮಿ ದೈಫುಕು' ಅಂತ ತಿಂಡಿಗೆ ಹೆಸರಿಟ್ಟರು. ಯುಕಿಮಿ ಎಂದರೆ ಹಿಮ ನೋಡುವುದು. ಹೊರಗೆ ಹಿಮ ಬೀಳುತ್ತಿರುವಾಗ ಬೆಚ್ಚಗಿನ ಕೋಣೆಯಲ್ಲಿ ಕೂತು ತಿನ್ನಲಿ ಎಂದು ಅದನ್ನು ಚಳಿಗಾಲದ ತಿಂಡಿಯಾಗಿಯೇ ಮಾರಿದರು. ಇಷ್ಟು ಜಪಾನೀ ಹೆಸರಿನ ತಿಂಡಿಯ ಹಿಂದಿದ್ದ ಕಂಪೆನಿಯನ್ನು 1948ರಲ್ಲಿ ಟೋಕಿಯೋದಲ್ಲಿ ಕಟ್ಟಿದವರು ಶಿನ್ ಕ್ಯುಕ್-ಹೊ. ಅವರು ಜಪಾನಿನವರಲ್ಲ, ಕೊರಿಯಾದಿಂದ 1940ರ ದಶಕದ ಆರಂಭದಲ್ಲಿ ಹೊಟ್ಟೆಪಾಡಿಗೆ ಬಂದವರು. ಶಿಗೆಮಿತ್ಸು ತಾಕೆಒ ಎಂಬ ಜಪಾನೀ ಹೆಸರಿನಲ್ಲಿ ವ್ಯಾಪಾರ ನಡೆಸಿದವರು.

ಮೋಚಿ ಐಸ್‌ಕ್ರೀಮನ್ನು ಜಪಾನಿನ ಹೊರಗೆ ಹಬ್ಬಿಸಿದ ಕಥೆಯೂ ಪರವೂರಿನದೇ. ಲಾಸ್ ಏಂಜಲಿಸಿನ ಲಿಟಲ್ ಟೋಕಿಯೋದಲ್ಲಿ 1910ರಲ್ಲಿ ಮಿಕಾವಯಾ ಎಂಬ ಮಿಠಾಯಿ ಅಂಗಡಿ ಶುರುವಾಯಿತು. ಮಿಕಾವಾ ಜಪಾನಿನ ಒಂದು ಸೀಮೆ; ಮಿಕಾವಯಾ ಅಂದರೆ ಮಿಕಾವದವರ ಅಂಗಡಿ. ನಮ್ಮವರು 'ಉಡುಪಿ' ಅಂತ ಬೋರ್ಡು ಹಾಕಿದ ಹಾಗೇ ಅಲ್ಲವೇ? 1942ರಲ್ಲಿ ಯುದ್ಧದ ನೆಪದಿಂದ ಅಮೆರಿಕ ಸರಕಾರ ಪಶ್ಚಿಮ ಕರಾವಳಿಯ ಜಪಾನೀ ಮೂಲದವರನ್ನು, ಸುಮಾರು 1,20,000 ಜನರನ್ನು, ಮುಳ್ಳುತಂತಿಯ ಶಿಬಿರಗಳಿಗೆ ಸಾಗಿಸಿತು. ಅಂಗಡಿ ಮುಚ್ಚಿತು. ಅಂಗಡಿಯವರ ಮಗಳು ಫ್ರಾನ್ಸಿಸ್ ಹಾಶಿಮೊಟೊ ಹುಟ್ಟಿದ್ದು 1943ರಲ್ಲಿ, ಅರಿಜೋನಾದ ಪೋಸ್ಟನ್ ಶಿಬಿರದಲ್ಲಿ. ಯುದ್ಧ ಮುಗಿದ ಮೇಲೆ ಮನೆಯವರು ಮರಳಿ ಬಂದು ಬಾಗಿಲು ತೆರೆದರು. ಶಾಲೆಯ ಟೀಚರಾಗಿದ್ದ ಫ್ರಾನ್ಸಿಸ್ 1970ರಲ್ಲಿ ಅಂಗಡಿಯ ಹೊಣೆ ಹೊತ್ತರು. ಮೋಚಿಯೊಳಗೆ ಐಸ್‌ಕ್ರೀಮ್ ಇಡುವ ಯೋಚನೆ ಅವರ ಗಂಡ ಜೋಯೆಲ್ ಫ್ರೀಡ್‌ಮನ್ ಅವರದು. ವರ್ಷಗಟ್ಟಲೆ ಒದ್ದಾಡಿ 1990ರ ದಶಕದಲ್ಲಿ ಅವರು ತಂದ ಸರಕೇ ಅಮೆರಿಕದ ಅಂಗಡಿಗಳನ್ನು ತುಂಬಿತು. ಫ್ರಾನ್ಸಿಸ್ 2012ರಲ್ಲಿ ತೀರಿಕೊಂಡರು. ನಾವು ಜಪಾನಿನದು ಅಂತ ತಿನ್ನುವ ಈ ಉಂಡೆಯ ಚರಿತ್ರೆಯಲ್ಲಿ ಊರು ಬಿಟ್ಟವರೇ ತುಂಬಿದ್ದಾರೆ.

ಇಷ್ಟೆಲ್ಲ ಓದಿ ತಿಳಿದ ಮೇಲೆ ನನ್ನ ತಲೆ ಹೋದದ್ದು ಜುಹೂವಿನ ಕಡೆಗೆ. ಅಲ್ಲಿಯ ಕೋಳಿವಾಡಾದಲ್ಲಿ 1984ರ ಫೆಬ್ರವರಿ 14ರಂದು ರಘುನಂದನ ಶ್ರೀನಿವಾಸ ಕಾಮತರು 'ನ್ಯಾಚುರಲ್ಸ್' ಐಸ್‌ಕ್ರೀಮ್ ಅಂಗಡಿ ತೆರೆದರು. ಅದೂ ಪುಟ್ಟದೇ, ಆರು ಮೇಜುಗಳದ್ದು. ಕಾಮತರು ನಮ್ಮ ಮೂಲ್ಕಿಯ ಕಡೆಯವರು, ಏಳು ಮಕ್ಕಳಲ್ಲಿ ಕಿರಿಯವರು. ತಂದೆ ಹಣ್ಣಿನ ವ್ಯಾಪಾರಿ. ಹುಡುಗನಾಗಿದ್ದಾಗಲೇ ಮುಂಬಯಿಗೆ ಬಂದು ಅಣ್ಣಂದಿರ ಹೋಟೆಲಿನಲ್ಲಿ ದುಡಿದವರು.

ಮೊದಲಿಗೆ ಬರೀ ಐಸ್‌ಕ್ರೀಮ್ ಇಟ್ಟರೆ ಜನ ಬರುವರೋ ಇಲ್ಲವೋ ಎಂಬ ಅಳುಕು ಅವರಿಗಿತ್ತು. ಅದಕ್ಕೇ ಪಾವ್‌ಭಾಜಿಯನ್ನು ಮುಂದಿಟ್ಟರು. ಖಾರ ತಿಂದವನು ತಣ್ಣಗಿನದನ್ನು ತಾನಾಗಿ ಕೇಳುತ್ತಾನೆ ಎಂಬ ಲೆಕ್ಕ. ಹೋಟೆಲಿನ ಗಲ್ಲಾ ನೋಡಿ ಬೆಳೆದವನ ಲೆಕ್ಕ ಇದು, ಯಾವ ಕಾಲೇಜಿನಲ್ಲೂ ಕಲಿಸುವುದಿಲ್ಲ. ಮರುವರ್ಷವೇ ಪಾವ್‌ಭಾಜಿ ನಿಂತಿತು. ಐಸ್‌ಕ್ರೀಮ್ ಉಳಿಯಿತು. ಸೀತಾಫಲ, ಗೋಡಂಬಿ-ದ್ರಾಕ್ಷಿ, ಮಾವು, ಚಾಕೊಲೇಟ್, ಸ್ಟ್ರಾಬೆರಿ ಶುರುವಿನ ರುಚಿಗಳು. ಬೊಂಡ, ಹಲಸು ಎಲ್ಲ ಆಮೇಲೆ ಸೇರಿದವು.

ಊರಿನ ರುಚಿಯನ್ನು ಮುಂಬಯಿಗೆ ತಂದರು ಅಂತ ನಮ್ಮವರು ಸಭೆ ಸಮಾರಂಭಗಳಲ್ಲಿ ಹೇಳುವುದುಂಟು. ನನಗೆ ಅದು ಪೂರ್ತಿ ಸರಿ ಅನ್ನಿಸುವುದಿಲ್ಲ. ಕಾಮತರ ಬಾಲ್ಯದ ಮೂಲ್ಕಿಯಲ್ಲಿ ಹಲಸಿನ ಐಸ್‌ಕ್ರೀಮ್ ಎಲ್ಲಿತ್ತು? ಮಂಗಳೂರಿನ 'ಐಡಿಯಲ್' ಶುರುವಾದದ್ದೇ 1975ರಲ್ಲಿ. ಊರಲ್ಲಿ ಹಲಸು ಅಂದರೆ ಅಂಗಳದಲ್ಲಿ ಬಿದ್ದು ಕೊಳೆಯುತ್ತಿದ್ದ ಹಣ್ಣು, ದುಡ್ಡು ಕೊಟ್ಟು ತಿನ್ನುವವರು ಯಾರು? ಕಾಮತರು ಮುಂಬಯಿಗೆ ತಂದದ್ದು ತಿಂಡಿಯನ್ನಲ್ಲ, ಕಣ್ಣನ್ನು. ಹಣ್ಣು ಯಾವುದು ಇವತ್ತಿಗೆ, ಯಾವುದು ನಾಳೆಗೆ, ಯಾವುದು ಹೊರಗೆ ಚಂದ ಒಳಗೆ ಹುಳ ಅಂತ ತೊಟ್ಟು ನೋಡಿ, ಮೂಸಿ, ಬೆರಳಲ್ಲಿ ಒತ್ತಿ ಹೇಳುವ ವಿದ್ಯೆ. ಹಣ್ಣು ಮಾರುವವನ ಮನೆಯಲ್ಲಿ ಮಕ್ಕಳು ಇದನ್ನು ಊಟದ ಜೊತೆಗೇ ಕಲಿಯುತ್ತಾರೆ. ಬಣ್ಣ, ಎಸೆನ್ಸು ಹಾಕಿದ ಐಸ್‌ಕ್ರೀಮಿಗೆ ಈ ವಿದ್ಯೆ ಬೇಡ. ಹಾಲು, ಸಕ್ಕರೆ, ಹಣ್ಣು ಇಷ್ಟೇ ಅಂತ ಹಟ ಹಿಡಿದವನಿಗೆ ಅದಿಲ್ಲದೆ ಒಂದು ದಿನವೂ ನಡೆಯುವುದಿಲ್ಲ. ಸೀತಾಫಲದ ಬೀಜ ಬಿಡಿಸಿ ನೋಡಿ, ಒಂದು ಹಣ್ಣಿಗೇ ಸಾಕು ಸಾಕಾಗುತ್ತದೆ. ಅಂಥ ಕೆಲಸಕ್ಕೆ ತಮಗೆ ಬೇಕಾದ ಯಂತ್ರಗಳನ್ನು ಅವರೇ ಯೋಚಿಸಿ ಮಾಡಿಸಿಕೊಂಡರಂತೆ.

ಹೆಸರು ಇಂಗ್ಲಿಷು, ಬೋರ್ಡಿನಲ್ಲಿ ಮೂಲ್ಕಿಯ ಸುದ್ದಿಯಿಲ್ಲ ಅಂತ ನನ್ನ ಹಿರಿಯ ಗೆಳೆಯರೊಬ್ಬರು ಗೊಣಗುತ್ತಾರೆ. ಗೊಣಗಲಿ ಬಿಡಿ. ಮಾಟುಂಗಾದಲ್ಲಿ ರಾಮ ನಾಯಕರು 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದಾಗ ಉಣ್ಣಲು ಬಂದವರು ಹೆಚ್ಚಾಗಿ ದಕ್ಷಿಣದವರೇ, ಅವರಿಗೆ ಊರಿನ ಹೆಸರೇ ಆಹ್ವಾನ. ಜುಹೂವಿನ ಗಿರಾಕಿ ಗುಜರಾತಿ, ಪಂಜಾಬಿ, ಸಿಂಧಿ. ಅವನಿಗೆ ಮೂಲ್ಕಿ ಅಂದರೇನು?

ಒಂದು ಮಾತು ಮಾತ್ರ ಹೇಳದೆ ಮುಂದೆ ಹೋಗಲಾರೆ. ಕಾಮತರು ಹೋಟೆಲಿಗೆ ಬಂದ ಆ ದಿನಗಳಲ್ಲಿ ದಕ್ಷಿಣ ಕನ್ನಡದಿಂದ ಅಂಥ ಹುಡುಗರು ಸಾಲುಸಾಲಾಗಿ ಬಂದರು. ಕೊಂಕಣ ರೈಲು ಪೂರ್ತಿಯಾದದ್ದು 1998ರಲ್ಲಿ. ಅದಕ್ಕೆ ಮೊದಲು ಹಡಗು, ಆಮೇಲೆ ಬಸ್ಸು. ಬಸ್ಸಿಳಿದ ದಿನವೇ ಗ್ಲಾಸು ತೊಳೆಯಲು ನಿಂತು, ರಾತ್ರಿ ಮೇಜು ಜೋಡಿಸಿ ಅದರ ಮೇಲೇ ಮಲಗಿದವರು. ಕೆಲವರು ಕನ್ನಡ ರಾತ್ರಿ ಶಾಲೆಗಳಿಗೆ ಹೋಗಿ ಕಲಿತು ವಕೀಲರಾದರು, ಹೋಟೆಲಿನ ಧಣಿಗಳೂ ಆದರು. ಉಳಿದವರ ಕಥೆ ಯಾವ ಪತ್ರಿಕೆಯಲ್ಲೂ ಬರಲಿಲ್ಲ. ಅವರಿಗೂ ಒಂದೊಂದು ಕಣ್ಣು ಇದ್ದೀತು: ಮೀನಿನದು, ಭತ್ತದ್ದು, ಮಲ್ಲಿಗೆಯದು. ಗ್ಲಾಸು ತೊಳೆಯುವ ಕೆಲಸಕ್ಕೆ ಅದೊಂದೂ ಬೇಕಾಗಲಿಲ್ಲ.

2024ರ ಮೇ 17ರಂದು ಕಾಮತರು ಮುಂಬಯಿಯಲ್ಲಿ ತೀರಿಕೊಂಡರು. ಪತ್ರಿಕೆಗಳೆಲ್ಲ ಹಣ್ಣಿನ ವ್ಯಾಪಾರಿಯ ಮಗ ಅಂತ ಬರೆದವು. ಇನ್ನು ಆ ಲೊಟ್ಟೆ ಕಂಪೆನಿ 2017ರಲ್ಲಿ ನಮ್ಮ ದೇಶದ ಹ್ಯಾವ್‌ಮೋರ್ ಐಸ್‌ಕ್ರೀಮನ್ನು 1,020 ಕೋಟಿ ರೂಪಾಯಿಗೆ ಕೊಂಡಿತು. ಹ್ಯಾವ್‌ಮೋರ್ ಕಟ್ಟಿದ ಸತೀಶ ಚೋನಾ ಮೊದಲು ವ್ಯಾಪಾರ ಹೂಡಿದ್ದು ಕರಾಚಿಯಲ್ಲಿ. ದೇಶ ವಿಭಜನೆಯಾದಾಗ ಎಲ್ಲ ಬಿಟ್ಟು ಬಂದು ಕೊನೆಗೆ ಅಹಮದಾಬಾದಿನಲ್ಲಿ ನೆಲೆ ನಿಂತವರು. ಕೊರಿಯಾದಿಂದ ಹೋದವನು ಕಟ್ಟಿದ್ದು ಕರಾಚಿಯಿಂದ ಬಂದವನು ಕಟ್ಟಿದ್ದನ್ನು ಕೊಂಡುಕೊಂಡಿತು ಅಂದ ಹಾಗಾಯಿತು.

ಮುಂಬಯಿಯ ಉಡುಪಿ ಹೋಟೆಲುಗಳಲ್ಲಿ ಈಗ ನಮ್ಮೂರ ಹುಡುಗರು ಅಪರೂಪ. ಬೋರಿವಲಿಯಲ್ಲಿ ನಾನು ಚಹಾ ಕುಡಿಯುವ ಕಡೆ ಟೇಬಲ್ ಒರೆಸುವವನು ಝಾರ್ಖಂಡಿನವನು. ಏಪ್ರಿಲಿನಲ್ಲಿ ಒಂದು ದಿನ, ನಿನ್ನ ಊರಲ್ಲಿ ಈಗ ಯಾವ ಹಣ್ಣಪ್ಪ ಅಂತ ಕೇಳಿದೆ. ಕೆಂದು ಅಂದ. ಬೀಡಿ ಕಟ್ಟುವ ಎಲೆಯ ಮರದ್ದೇ ಹಣ್ಣು, ಹಳದಿ, ಕಾಡಿನದು. ಮರದಿಂದ ಕಿತ್ತರೆ ಒಗರು, ತಾನಾಗಿ ಬಿದ್ದದ್ದೇ ಸಿಹಿ ಅಂತ ಕೈಯ ಬಟ್ಟೆ ಹೆಗಲಿಗೆ ಹಾಕಿಕೊಂಡು ಐದು ನಿಮಿಷ ಹೇಳಿದ. ಗಲ್ಲಾದಿಂದ ಯಾರೋ ಕರೆದರು, ಹೋದ.